ಒಂದು ತಟ್ಟಿದರೆ ನಿಲ್ಲಬೇಕು

ಮಳೆ ಸಂಜೆ ಐದಕ್ಕೆ ಹಿಡಿದದ್ದು ಆರೂವರೆಯಾದರೂ ಬಿಡುವ ಲಕ್ಷಣವಿರಲಿಲ್ಲ. ವರ್ಕ್‌ಶಾಪಿನ ತಗಡಿನ ಸೂರಿನ ಮೇಲೆ ಅದು ಎಬ್ಬಿಸಿದ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಒಳಗೆ ಸಿಕ್ಕಿಕೊಂಡಿದ್ದ ನಾಲ್ವರ ನಡುವೆ ಅಪರೂಪದ ಒಮ್ಮತ ನೆಲೆಸಿತ್ತು. ಮಳೆ ತುಸು ಸಣ್ಣಗಾಗಿ ಮಾತು ಕೇಳಿಸತೊಡಗಿದ್ದೇ ತಡ, ಒಮ್ಮತ ಮುರಿದುಬಿತ್ತು.

ಮುರಿದವನು ಗಿಡದ ವ್ಯಾಪಾರಿ. ಹಳೆಯ ಪಿಕಪ್ ಗಾಡಿಯಲ್ಲಿ ಹೂಕುಂಡ ಹೇರಿಕೊಂಡು ಊರು ಸುತ್ತುವವನು. "ಮುಂದುಗಡೆ ಇನ್ನೂ ಕಲ್ಲಿನ ಹಾಗಿದೆ ಮೇಸ್ತ್ರಿ. ಹಿಂದಿನ ಬಾಡಿ ಮಾತ್ರ ನೀರು ಹಾಕಿ ಹಾಕಿ ತುಕ್ಕು. ಗುಜರೀಲಿ ಒಂದು ಬಾಡಿ ನೋಡಿಟ್ಟಿದೀನಿ, ಇತ್ತೀಚಿನ ಮಾಡೆಲ್ದು, ಒಂದು ಗೀರಿಲ್ಲ. ನಾಳೆ ತಂದುಬಿಡ್ಲಾ? ಕೂರಿಸಿಕೊಡ್ತೀರಾ?"

ಮೇಸ್ತ್ರಿ ತಾತ ಕೈಯಲ್ಲಿದ್ದ ಟೀ ಲೋಟವನ್ನು ಡ್ರಮ್ಮಿನ ಮೇಲಿಟ್ಟರು. ಅವರ ವಯಸ್ಸು ಎಪ್ಪತ್ತೆಂಟೋ ಎಂಬತ್ತೆರಡೋ, ಕೇಳುವವರ ಮುಖ ನೋಡಿ ಹೇಳುತ್ತಿದ್ದರು. ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟು ವರ್ಷಗಳಾಗಿದ್ದರೂ ಹಿಡಿದವರಿಗೆ ಅದು ತಪ್ಪು ಎಂದು ಹೇಳುವುದನ್ನು ಬಿಟ್ಟಿರಲಿಲ್ಲ.

"ಆ ಬಾಡೀಲಿ ಮೊದಲು ಏನು ಹೇರ್ತಿದ್ರು?"

"ಅದ್ಯಾರಿಗೆ ಗೊತ್ತು ತಾತ? ತಗಡು ತಗಡೇ ಅಲ್ವಾ."

"ಹೋಯ್ತು," ಎಂದಳು ಮೂಲೆಯಲ್ಲಿ ಸೀಟಿನ ಕವರಿಗೆ ದಬ್ಬಣದಿಂದ ಹೊಲಿಗೆ ಹಾಕುತ್ತಿದ್ದ ಸೀಟಿನ ಅಕ್ಕ. "ತಾತನಿಗೆ ಕೀಲಿ ಕೊಟ್ಟೆಯಲ್ಲೋ ಮಾರಾಯ. ಇನ್ನು ಮಳೆ ನಿಂತರೂ ಇವರು ನಿಲ್ಲೋದಿಲ್ಲ."

ಟೈರಿನವನು ಎದ್ದು ಹೋಗಿ ಗಾಳಿ ಯಂತ್ರದ ಸ್ವಿಚ್ ಆರಿಸಿ ಬಂದು, ಎರಡು ಟೈರು ಒಂದರ ಮೇಲೊಂದು ಇಟ್ಟುಕೊಂಡು ಕೂತ. ಹೇಳುವುದು ನಿಜವೋ ಸುಳ್ಳೋ, ಮೇಸ್ತ್ರಿ ತಾತ ಹೇಳುವಾಗ ಬೇರೆ ಕೆಲಸ ಮಾಡಿದರೆ ಅವರು ಮೊದಲಿನಿಂದ ಶುರುಮಾಡುತ್ತಾರೆಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು.

ತಾತ ಗಂಟಲು ಸರಿಮಾಡಿಕೊಂಡರು.

*

ನೋಡಿ, ಇದು ನಡೆದದ್ದು. ಕತೆ ಹೇಳೋರೆಲ್ಲ ಹಾಗೇ ಅಂತಾರೆ, ನನಗೂ ಗೊತ್ತು. ಆದ್ರೆ ಅವರ್ಯಾರೂ ಆ ಬಾಡೀನ ತಮ್ಮ ಕೈಯಾರೆ ಬೋಲ್ಟ್ ಹಾಕಿ ಬಿಗಿದಿರಲಿಲ್ಲ. ನಾನು ಬಿಗಿದಿದ್ದೆ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ... ನಡುರಾತ್ರಿ, ಪಾಳುಬಾವಿ, ಬಿಚ್ಚಿದ ಕೂದಲು, ಅಂಥದ್ದೆಲ್ಲ ಬೇಕಾದವರು ಬೇರೆ ಕಡೆ ಹೋಗಿ. ಅವೆಲ್ಲ ಕೆಲಸವಿಲ್ಲದ ದೆವ್ವಗಳು. ಇದು ಮಟಮಟ ಮಧ್ಯಾಹ್ನದ ದೆವ್ವ. ದುಡಿದು ಬದುಕಿದ್ದವನ ದೆವ್ವ.

ಹನ್ನೆರಡು ವರ್ಷದ ಹಿಂದಿನ ಮಾತು. ಈ ಊರಿಗೆ ಗಾಜು ಸಾಗಿಸೋರು ಇಬ್ಬರಿದ್ದರು, ಅಣ್ಣ ತಮ್ಮ. ಗಾಜಿನಣ್ಣ, ಗಾಜಿನ ತಮ್ಮ ಅಂತಲೇ ಕರೀತಿದ್ವಿ. ಅವರಿಗೆ ಹೆತ್ತವರು ಇಟ್ಟ ಹೆಸರು ಪಡಿತರ ಚೀಟಿಗೂ ಮರೆತುಹೋಗಿತ್ತೋ ಏನೋ. ಒಂದು ಹಸಿರು ಪಿಕಪ್ಪು. ಆಗಲೇ ಅದಕ್ಕೆ ಮೂವತ್ತೈದು ವರ್ಷ. ಮೂತಿ ದುಂಡಗೆ, ದೀಪ ದುಂಡಗೆ, ಬಾಗಿಲು ಹಾಕಿದ್ರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಹಾಗೆ ಸದ್ದು. ಈಗಿನ ಗಾಡಿಗಳ ಬಾಗಿಲು ಹಾಕಿದ್ರೆ ತಟ್ಟೆ ಬಿದ್ದ ಹಾಗೆ ಆಗುತ್ತಲ್ಲ, ಹಾಗಲ್ಲ.

ಗಾಜು ಹೇರೋದು ಸಿಮೆಂಟ್ ಹೇರಿದ ಹಾಗಲ್ಲಪ್ಪ. ಸಿಮೆಂಟ್ ಮೂಟೆ ತಾನೇ ಕೂತಿರುತ್ತೆ. ಗಾಜಿಗೆ ಜೊತೆಗೊಬ್ಬರು ಬೇಕು, ಹಸುಗೂಸು ಕಳಿಸೋ ಹಾಗೆ. ಹಿಂದಿನ ಬಾಡೀಲಿ ಒಂದು ಓರೆ ಚೌಕಟ್ಟು, ಅದಕ್ಕೆ ಗೋಣಿ ಹೊದಿಸಿ, ಗಾಜು ಒರಗಿಸಿ, ಹಗ್ಗ ಕಟ್ಟಿ, ಪಕ್ಕದಲ್ಲಿ ಒಬ್ಬ ಕೂರ್ತಾನೆ. ಅಣ್ಣ ಮುಂದೆ ಸ್ಟೀರಿಂಗು, ತಮ್ಮ ಹಿಂದೆ ಗಾಜು. ಮೂವತ್ತು ವರ್ಷ ಹೀಗೇ. ಇಂಜಿನ್ ಸದ್ದಿಗೆ ಮಾತು ಕೇಳಿಸುತ್ತಾ? ಕೇಳಿಸಲ್ಲ. ಅದಕ್ಕೆ ಹಿಂದೆ ಕೂತವನು ಮುಂದಿನ ತಗಡಿಗೆ ಕೈಯಲ್ಲಿ ತಟ್ಟಬೇಕು. ಒಂದು ತಟ್ಟಿದ್ರೆ ನಿಲ್ಲಿಸು. ಎರಡು ತಟ್ಟಿದ್ರೆ ಹೊರಡು. ಇದು ಎಲ್ಲಾ ಗಾಡೀಲೂ ಇರೋದೇ. ಆದ್ರೆ ಇವರದ್ದು ಮಾತ್ರ ಶಾಸನ.

ಯಾಕೆ ಅಂದ್ರೆ... ಮೊದಲನೇ ವರ್ಷ ಒಂದು ಎಡವಟ್ಟಾಗಿತ್ತು. ತಮ್ಮ ಇಳೀತಿದ್ದ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಪಕ್ಕದಲ್ಲಿ ನಿಂತ ಯಾವನೋ ಪುಣ್ಯಾತ್ಮ "ರೈಟ್, ಹೋಗ್ಲಿ" ಅಂತ ಕೂಗಿದ. ಅಣ್ಣ ಎಳೆದ. ತಮ್ಮನ ಮೊಣಕಾಲು ಅವತ್ತು ಹೋದದ್ದು, ಬದುಕಿರೋವರೆಗೂ ಕುಂಟಿದ. ಅವತ್ತಿಂದ ಅಣ್ಣ ಒಂದು ತೀರ್ಮಾನಕ್ಕೆ ಬಂದ. ಬಾಯಿ ಮಾತು ನಂಬಲ್ಲ, ಕೈ ಮಾತ್ರ ನಂಬ್ತೀನಿ. ಎರಡು ತಟ್ಟು ಕೇಳೋವರೆಗೂ ಗಾಡಿ ಎತ್ತಲ್ಲ, ಹಿಂದಿನಿಂದ ಪೊಲೀಸು ಬರ್ಲಿ, ಪ್ರಳಯ ಬರ್ಲಿ. ಚೌಕದಲ್ಲಿ ಅವನು ನಿಂತುಬಿಟ್ರೆ ಊರೆಲ್ಲಾ ಹಾರ್ನು. ಅವನು ಕಿವಿ ಕೆರ್ಕೊಂಡು ಕೂತಿರ್ತಿದ್ದ.

ಆಮೇಲೆ ತಮ್ಮ ಸತ್ತ. ಅದ್ರಲ್ಲಿ ಕತೆ ಏನಿಲ್ಲ, ಒಂದು ವಾರ ಜ್ವರ, ಹೋದ. ಅವನ ಜಾಗಕ್ಕೆ ಬಂದವಳು ಅಣ್ಣನ ಮಗಳು. ಒಬ್ಬಳೇ ಮಗಳು, ಮೂವತ್ತರ ಆಸುಪಾಸು. ಗಾಜಿನ ಗೋಡೌನಿನಲ್ಲಿ ಕತ್ತರಿಸೋ ಕೆಲಸ ಮಾಡ್ತಿದ್ದವಳು. ಅವಳು ಮೊನೆ ಇಟ್ಟು ಒಂದು ಗೆರೆ ಎಳೆದ್ರೆ ಗಾಜು ಅಪ್ಪಣೆ ಕೇಳ್ಕೊಂಡು ಎರಡಾಗ್ತಿತ್ತು. ಮಾತೂ ಹಾಗೇ.

ಒಂದು ದಿನ ಬಾಡಿ ಮೇಲೆ ಹತ್ತಿದಳು, ಕಾಲು ತಗಡು ತೂರ್ಕೊಂಡು ಕೆಳಗೆ ಬಂತು. ಅಷ್ಟು ತುಕ್ಕು. ನನ್ನ ಹತ್ರ ತಂದರು. ನಾನು ಕೆಳಗೆ ತೂರಿ ನೋಡಿದೆ: ಚಾಸಿ ಬೆಣ್ಣೆ ಹಾಗಿದೆ, ಇಂಜಿನ್ನು ಇನ್ನೊಂದು ಆಯಸ್ಸು ಓಡುತ್ತೆ, ಬಾಡಿ ಮಾತ್ರ ಜರಡಿ. "ಬದಲಾಯಿಸಬೇಕು ಅಣ್ಣ" ಅಂದೆ.

"ನನ್ನ ತಮ್ಮ ಕೂತ ಜಾಗ ಮೇಸ್ತ್ರಿ ಅದು," ಅಂದ ಅಣ್ಣ.

ಮಗಳು ಕಾಲಿಗೆ ಬಟ್ಟೆ ಸುತ್ಕೊಳ್ತಾ ಇದ್ದಳು. "ಚಿಕ್ಕಪ್ಪ ಕೂತ ಜಾಗ ಗೋಡೌನಿನಿಂದ ಇಲ್ಲೀವರೆಗೂ ರಸ್ತೆ ಮೇಲೆ ಉದುರಿದೆ ಅಪ್ಪ. ಆರಿಸ್ಕೊಂಡು ಬರ್ಲಾ?"

ಅಲ್ಲಿಗೆ ಅದು ತೀರ್ಮಾನ ಆಯ್ತು.

ಬಾಡಿ ಸಿಕ್ಕಿದ್ದು ಗುಜರೀಲಿ. ಅದೇ ಕಂಪನಿದು, ಇಪ್ಪತ್ತು ವರ್ಷ ಈಚಿನ ಮಾಡೆಲ್ಲು, ಬಿಳಿ ಬಣ್ಣ. ನಾನೇ ಹೋಗಿ ಆರಿಸಿದೆ. ತಗಡಿನ ಮೇಲೆ ಬೆರಳಿನಿಂದ ಹೊಡೆದು ನೋಡಿದೆ, ಗಂಟೆ ಹಾಗೆ ಮಾತಾಡ್ತು. ಏನು ಹೇರ್ತಿದ್ರು ಅಂತ ಕೇಳಿದ್ನಾ? ಇಲ್ಲ. ತಗಡು ತಗಡೇ ಅಂದ್ಕೊಂಡೆ. ಏನಪ್ಪಾ ಗಿಡದ ವ್ಯಾಪಾರಿ, ಎಲ್ಲೋ ಕೇಳಿದ ಹಾಗಿದೆಯಾ ಮಾತು?

ಕೂರಿಸೋಕೆ ನಾಲ್ಕು ದಿನ. ಹಳೇ ಬಾಡಿಗೆ ಎಂಟು ಬೋಲ್ಟು. ಒಂದೂ ತಿರುಗಲಿಲ್ಲ, ಎಂಟನ್ನೂ ಗ್ಯಾಸ್ ಹಚ್ಚಿ ಕತ್ತರಿಸಿದೆ. ಅದನ್ನ ಚೈನಿನಲ್ಲಿ ಎತ್ತಿ ಪಕ್ಕಕ್ಕಿಟ್ಟಾಗ ಅಣ್ಣ ಆ ಕಡೆ ಮುಖ ಮಾಡಿ ನಿಂತಿದ್ದ. ಹೊಸದು ಇಳಿಸಿದ್ರೆ ನಾಲ್ಕು ಬೆರಳು ಉದ್ದ ಜಾಸ್ತಿ. ಎಂಟು ತೂತಿನಲ್ಲಿ ಎರಡು ಮಾತ್ರ ಹೊಂದ್ತು, ಆರು ಹೊಸದಾಗಿ ಕೊರೆದೆ. ಚಕ್ರದ ಕಮಾನು ಚಕ್ರಕ್ಕಿಂತ ಹಿಂದೆ, ಅದನ್ನ ಮುಂದೆ ತಂದ್ರೆ ಕ್ಯಾಬಿನ್ನಿಗೆ ತಾಗುತ್ತೆ. ಡೀಸೆಲ್ ಹಾಕೋ ಬಾಯಿ ಎಡಗಡೆ ಇದ್ದದ್ದು ಬಲಗಡೆ. ಹಿಂದಿನ ದೀಪಕ್ಕೆ ಹಳೇ ಗಾಡೀಲಿ ನಾಲ್ಕು ವೈರು, ಹೊಸದು ಆರು ಕೇಳುತ್ತೆ. ಎಲ್ಲಾ ಮಾಡಿದೆ. ಮಾಡಿ, ದೂರ ನಿಂತು ನೋಡಿದೆ. ಮುಂದೆ ಹಸಿರು, ಹಿಂದೆ ಬಿಳಿ. ತಾತನಿಗೆ ಮೊಮ್ಮಗನ ಪ್ಯಾಂಟು ಹಾಕಿದ ಹಾಗಿತ್ತು. ಆದ್ರೆ ಅಲುಗಾಡಲಿಲ್ಲ, ಕಿರ್ರೆನ್ನಲಿಲ್ಲ. ನನ್ನ ಕೈಯಲ್ಲಿ ಬಿಗಿದದ್ದು ಸದ್ದು ಮಾಡಲ್ಲ. ಅದು ನನ್ನ ಹೆಸರು ಆಗ, ಈಗಲೂ.

ಎಂಟು ದಿನ ಆಯ್ತು. ಮಗಳು ಒಬ್ಬಳೇ ಬಂದಳು. "ಮೇಸ್ತ್ರಿ ಮಾವ, ನಿಮ್ಮ ಬಾಡಿ ತಟ್ಟುತ್ತೆ."

"ನನ್ನ ಬಾಡಿ ತಟ್ಟಲ್ಲ."

"ಹಾಗಾದ್ರೆ ನಾನು ಹೇಳೋದು ಸುಳ್ಳಾ?"

ವಿಷಯ ಏನಪ್ಪಾ ಅಂದ್ರೆ, ಗಾಜು ಹೇರ್ಕೊಂಡು ಗೋಡೌನಿನಿಂದ ಊರೊಳಗೆ ಬರೋವಾಗ, ಅದೇ, ದೊಡ್ಡಾಸ್ಪತ್ರೆಗೆ ಹೋಗೋ ರಸ್ತೆ, ಅಲ್ಲಿ ಮುಂದಿನ ತಗಡಿಗೆ ಒಂದು ತಟ್ಟು ಬರುತ್ತಂತೆ. ಇವಳು ತಟ್ಟಿಲ್ಲ. ಅಪ್ಪ ಗಾಡಿ ನಿಲ್ಲಿಸ್ತಾನೆ. ಇವಳು ಅದೇನೋ ಸಡಿಲ ಇರಬೇಕು ಅಂದ್ಕೊಂಡು ಎರಡು ತಟ್ಟಿ ಹೊರಡಿಸ್ತಾಳೆ. ಸ್ವಲ್ಪ ದೂರ ಹೋದ್ರೆ ಮತ್ತೆ ಒಂದು. ಮತ್ತೆ ನಿಲ್ಲಿಸ್ತಾನೆ. ಒಂದೇ ರಸ್ತೇಲಿ ನಾಲ್ಕು ಸಲ.

"ಅಪ್ಪ ಏನಂತಾನೆ?"

"ಅಪ್ಪ ಹಾಡು ಹೇಳ್ಕೊಳ್ತಾ ಗಾಡಿ ಓಡಿಸ್ತಿದಾನೆ. ಚಿಕ್ಕಪ್ಪ ಹೋದಮೇಲೆ ಇದೇ ಮೊದಲು. ನಿನ್ನೆ ಊಟಕ್ಕೆ ಕೂತಾಗ, ತಮ್ಮ ಬಂದಿದಾನೆ, ಹೊಸ ಬಾಡಿ ಒಪ್ಪಿಗೆ ಆಗಿದೆ ಅಂತ ಕಾಣುತ್ತೆ ಅಂದ."

ಈಗ ಹೇಳಿ, ನೀವಾಗಿದ್ರೆ ಏನು ಮಾಡ್ತಿದ್ರಿ? ಅಲ್ಲಪ್ಪಾ ಅದು ಬೋಲ್ಟು ಅಂದ್ರೆ ಆ ಮನುಷ್ಯನಿಗೆ ತಮ್ಮ ಎರಡನೇ ಸಲ ಸತ್ತ ಹಾಗೆ. ಹೇಳದೇ ಇದ್ರೆ, ಎಪ್ಪತ್ತು ದಾಟಿದವನು ಇಲ್ಲದ ತಟ್ಟಿಗೆ ನಡುರಸ್ತೇಲಿ ಬ್ರೇಕ್ ಹಾಕ್ತಾ ಹೋಗ್ತಾನೆ. ಅವಳ ಕಷ್ಟ ಅದು. ಅಪ್ಪನ ಕೈಯಿಂದ ಕೀ ಕಿತ್ಕೊಳ್ಳಬೇಕಾ, ಬೇಡವಾ? ಗಾಡಿ ಬಿಟ್ರೆ ಅವನಿಗೆ ಇನ್ನೇನಿದೆ?

"ಮೊದಲು ಸದ್ದು ಹಿಡಿಯೋಣ ತಾಯಿ" ಅಂದೆ. "ಸದ್ದಿದ್ರೆ ಕಾರಣ ಇರುತ್ತೆ, ಕಾರಣ ಇದ್ರೆ ಅದಕ್ಕೆ ಸ್ಪ್ಯಾನರ್ ಇರುತ್ತೆ."

ಎಂಟೂ ಬೋಲ್ಟಿಗೆ ಹೊಸ ರಬ್ಬರ್ ಹಾಕಿದೆ. ಹಿಂದಿನ ಬಾಗಿಲಿನ ಸರಪಳಿಗೆ ಬಟ್ಟೆ ಸುತ್ತಿದೆ. ಆಮೇಲೆ ಅವಳನ್ನ ಸ್ಟೀರಿಂಗಿಗೆ ಕೂರಿಸಿ, ಖಾಲಿ ಬಾಡೀಲಿ ನಾನೇ ಅಂಗಾತ ಮಲಗಿದೆ, ತಲೆ ಮುಂದಕ್ಕೆ. ಸದ್ದು ಹಿಡಿಯೋಕೆ ಅದೇ ದಾರಿ, ತಗಡಿಗೆ ಕಿವಿ ಕೊಟ್ಟು ಮಲಗಬೇಕು. ಗೋಡೌನಿನಿಂದ ಹೊರಟ್ವಿ. ಹಗಲು ಹನ್ನೊಂದು ಗಂಟೆ, ಮೇಲೆ ನೀಲಿ ಆಕಾಶ, ಕರೆಂಟು ತಂತಿ ಮೇಲೆ ಕಾಗೆ. ಕಲ್ಲು ಕ್ವಾರಿಯ ತಿರುವು ದಾಟಿತು. ಏನೂ ಇಲ್ಲ. ನಾನು ನನ್ನ ಕೆಲಸ ಮೆಚ್ಕೊಳ್ತಾ ಇದ್ದೆ. ಹಾಲಿನ ಡೈರಿ ಪಕ್ಕದ ಓಣಿ ಬಂತು...

ಢಣ್.

ನನ್ನ ತಲೆ ಹತ್ರ. ಮೇಲೆ ಅಲ್ಲ, ಕೂತವರ ಕೈ ಬೀಳೋ ಎತ್ತರದಲ್ಲಲ್ಲ. ನೆಲದಿಂದ ಒಂದು ಗೇಣು ಮೇಲೆ, ಅಷ್ಟೇ. ನನ್ನ ಕಿವಿ ಪಕ್ಕ. ಯಾರೋ ಪಕ್ಕದಲ್ಲಿ ಮಲಗಿರೋರು ಕೈ ಹಿಂದಕ್ಕೆ ಚಾಚಿ, ಮುಷ್ಟಿಯ ಬುಡದಿಂದ ಗುದ್ದಿದ ಹಾಗೆ.

ಗಾಜಿನ ತಮ್ಮ ಮೂವತ್ತು ವರ್ಷದಲ್ಲಿ ಒಂದು ದಿನವೂ ಮಲಗ್ಕೊಂಡು ಕೆಲಸ ಮಾಡಿದವನಲ್ಲ.

ನಾನು ಹೆದರಲಿಲ್ಲ. ಇಳಿದೆ, ಅಷ್ಟೇ. ಗಾಡಿ ನಿಲ್ಲೋಕೆ ಮುಂಚೆ ಇಳಿದೆ ಅನ್ನೋದೂ ನಿಜ. ನಗು, ನಗು ಸೀಟಿನಕ್ಕ. ನಿನ್ನ ಕಿವಿ ಪಕ್ಕ ಗುದ್ದಿದ್ರೆ ದಬ್ಬಣ ಎಲ್ಲಿ ಚುಚ್ಕೊಳ್ತಿದ್ದೆಯೋ.

"ಬೋಲ್ಟಲ್ಲ" ಅಂತ ಅವಳಿಗೆ ಹೇಳಿದೆ. "ನಿನ್ನ ಚಿಕ್ಕಪ್ಪನೂ ಅಲ್ಲ."

ಅವಳು ನನ್ನ ತರಚಿದ ಮೊಣಕೈ ನೋಡಿದಳು, ಗಾಡಿ ನೋಡಿದಳು. "ಅಪ್ಪನಿಗೆ ಹೇಳಬೇಡಿ" ಅಂದಳು. "ಅಪ್ಪ ನಗ್ತಾ ಇದಾನೆ. ಇನ್ನೊಂದಷ್ಟು ದಿನ ನಗಲಿ."

ತಪ್ಪು ಮಾಡಿದ್ವಿ. ಇಬ್ಬರೂ.

ಮುಂದಿನ ವಾರ ಒಂದು ಸಲೂನಿಗೆ ಕನ್ನಡಿ ಸಾಗಿಸಬೇಕಿತ್ತು. ಗೋಡೆಯಷ್ಟು ದೊಡ್ಡ ಕನ್ನಡಿ, ಒಂದೇ ತುಂಡು, ಚೌಕಟ್ಟಿಗೆ ಹೊಂದಲ್ಲ. ಅರ್ಧ ಒರಗಿಸಿ ಇವಳು ನಿಂತ್ಕೊಂಡು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಗಾಜಿನವರಿಗೆ ಒಂದು ನೇಮ, ಮೈ ಉರುಳಿದ್ರೂ ಹಿಡಿದ ಗಾಜು ಬಿಡಬಾರದು. ಅಣ್ಣ ಮೆಲ್ಲಗೆ, ತೊಟ್ಟಿಲು ತೂಗೋ ಹಾಗೆ ಓಡಿಸ್ತಿದ್ದ. ಡೈರಿ ಓಣಿ ಹತ್ರ ಒಂದು ತಟ್ಟು. ನಿಂತ. ಇವಳು ಮೊಣಕೈಯಿಂದ ಹೇಗೋ ಎರಡು ತಾಗಿಸಿದಳು, ಹೊರಟ. ಮುಂದೆ ರೈಲ್ವೆ ಗೇಟು. ಗೇಟು ತೆರೆದಿತ್ತು. ಮುಂದಿನ ಚಕ್ರ ಹಳಿ ದಾಟಿತು, ಹಿಂದಿನ ಚಕ್ರ ಹಳಿ ಹತ್ತಿತು...

ಢಣ್.

ಅಣ್ಣ ನಿಲ್ಲಿಸಿದ. ಬಾಡಿ ಪೂರ್ತಿ ಹಳಿ ಮೇಲೆ.

ಗೇಟಿನವನು ಆಗಷ್ಟೇ ಗಂಟೆ ಬಾರಿಸಿ ಗೇಟು ಇಳಿಸೋಕೆ ಕೈ ಹಾಕಿದ್ದ. ಇವರನ್ನ ನೋಡಿ ಬಾವುಟ ಬೀಸ್ತಾ "ಹೋಗೋ! ಹೋಗೋ ಮುದುಕ!" ಅಂತ ಕೂಗಿದ. ಆ ಕಡೆ ಈ ಕಡೆ ನಿಂತ ಜನವೆಲ್ಲ ಕೂಗಿದರು. ದೂರದ ತಿರುವಿನಲ್ಲಿ ರೈಲು ಕೂಗ್ತು. ಮಗಳು "ಅಪ್ಪಾ, ಎತ್ತು ಗಾಡಿ!" ಅಂತ ಗಂಟಲು ಹರಿಯೋ ಹಾಗೆ ಅರಚಿದಳು. ಅವನು ಅಲುಗಲಿಲ್ಲ. ಸ್ಟೀರಿಂಗ್ ಹಿಡ್ಕೊಂಡು, ಕುತ್ತಿಗೆ ಸ್ವಲ್ಪ ಹಿಂದಕ್ಕೆ ವಾಲಿಸಿ... ಕಾಯ್ತಾ ಇದ್ದ. ಎರಡು ತಟ್ಟಿಗೆ.

ಬಾಯಿ ಮಾತು ನಂಬಲ್ಲ, ನೆನಪಿದೆಯಲ್ಲ?

ಮೊಣಕೈ ತಾಗಿಸೋಕೆ ನೋಡಿದಳು, ಎಟುಕಲಿಲ್ಲ. ಗಾಡಿ ಹಳಿ ಹತ್ತಿದ ಕುಲುಕಿಗೆ ಕನ್ನಡಿ ಅವಳನ್ನ ಹಿಂದಕ್ಕೆ ದೂಡಿತ್ತು. ಮುಂದಿನ ತಗಡಿಗೂ ಅವಳಿಗೂ ಒಂದು ಮಾರು. ಕೈಯಲ್ಲಿ ಕನ್ನಡಿ. ಅದರೊಳಗೆ ಅವಳಿಗೆ ಏನು ಕಾಣ್ತಿತ್ತು ಗೊತ್ತಾ? ಬೆನ್ನ ಹಿಂದಿನ ಹಳಿ, ಹಳಿ ಮೇಲೆ ರೈಲಿನ ಮುಖ, ಕ್ಷಣ ಕ್ಷಣಕ್ಕೂ ದೊಡ್ಡದಾಗ್ತಾ. ಹತ್ತು ವರ್ಷದಲ್ಲಿ ಅವಳು ಒಂದು ಗಾಜು ಕೈಬಿಟ್ಟಿರಲಿಲ್ಲ.

ಬಿಟ್ಟಳು.

ಕನ್ನಡಿ ಹಳಿ ಮೇಲೆ ಬಿದ್ದು ಪುಡಿಯಾಯ್ತು. ಇವಳು ಹಾರಿ ಹೋಗಿ ಎರಡು ಅಂಗೈಯಲ್ಲಿ ತಟ್ಟಿದಳು. ತಟ್-ತಟ್. ಗಾಡಿ ಎದ್ದು ಹಳಿ ಇಳೀತು, ಗಾಡಿ ಎಬ್ಬಿಸಿದ ಗಾಳಿ ಇನ್ನೂ ಅಲ್ಲೇ ಇರುವಾಗ ರೈಲು ಅದನ್ನ ಕತ್ತರಿಸ್ಕೊಂಡು ಹೋಯ್ತು.

ಆ ಕಡೆ ಹೋಗಿ ಗಾಡಿ ನಿಂತಿತು. ಮಗಳು ಇಳಿದು ಕಿಟಕಿ ಹತ್ರ ಬಂದು ಕೈ ಚಾಚಿದಳು. "ಅಪ್ಪ, ಕೀ ಕೊಡು."

ಅಣ್ಣ ಕೊಡಲಿಲ್ಲ.

"ಅದು ಚಿಕ್ಕಪ್ಪ ಅಲ್ಲಪ್ಪ," ಅಂದಳು. ಅಳು ಬಂದುಬಿಟ್ಟಿತ್ತು. "ನಿನಗೆ ಹೇಳಬಾರದು ಅಂದ್ಕೊಂಡಿದ್ದೆ. ಅಲ್ಲಿರೋನು ಚಿಕ್ಕಪ್ಪ ಅಲ್ಲ."

"ಗೊತ್ತು" ಅಂದ ಅಣ್ಣ.

"ಏನು ಗೊತ್ತು?"

"ಮೂವತ್ತು ವರ್ಷ ಅವನ ತಟ್ಟು ಬೆನ್ನಲ್ಲಿ ಕೇಳಿದೀನಿ ಕಣಮ್ಮ. ಅವನು ಗೆಣ್ಣಿನಿಂದ ತಟ್ಟೋನು, ಚುರುಕಾಗಿ. ಇದು ಭಾರ ಕೈ. ಮೊದಲನೇ ದಿನ ಒಂದು ಗಳಿಗೆ ಅವನೇ ಅಂದ್ಕೊಂಡೆ. ಎರಡನೇ ದಿನ ಗೊತ್ತಾಯ್ತು."

"ಮತ್ತೆ ಹಾಡು ಹೇಳ್ಕೊಳ್ತಿದ್ದೆ? ಊಟಕ್ಕೆ ಕೂತಾಗ ತಮ್ಮ ಬಂದಿದಾನೆ ಅಂದೆ?"

"ನೀನು ಹೆದರಬಾರದು ಅಂತ ಅಂದೆ. ಮನೆಯವನು ಅಂದ್ರೆ ಹೆದರಲ್ಲ ನೀನು."

ನೋಡಿ, ಅಪ್ಪ ನಗಲಿ ಅಂತ ಮಗಳು ಸುಮ್ಮನಿದ್ದಳು, ಮಗಳು ಹೆದರಬಾರದು ಅಂತ ಅಪ್ಪ ನಗ್ತಿದ್ದ; ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಕಾಪಾಡ್ತಾ ಕಾಪಾಡ್ತಾ ರೈಲಿನ ಬಾಯಿಗೆ ಹೋಗಿ ನಿಂತಿದ್ರು. ಸಂಸಾರ ಅಂದ್ರೆ ಇದೇ ಅಲ್ವಾ?

"ಅವನಲ್ಲ ಅಂತ ಗೊತ್ತಿದ್ದೂ ಹಳಿ ಮೇಲೆ ಯಾಕಪ್ಪಾ ಕಾದೆ?"

ಅಣ್ಣ ಹೇಳಿದ ಮಾತು ಇವತ್ತಿಗೂ ನನ್ನ ಕಿವೀಲಿದೆ, ಅವಳು ಹೇಳಿ ಕೇಳಿದ್ದಾದ್ರೂ. "ಯಾರಾದ್ರೂ ಆಗಿರಲಿ, ಹಿಂದೆ ಇರೋನು ನಿಲ್ಲಿಸು ಅಂದ. ನಿಲ್ಲಿಸಿದೆ. ಅವನು ಇಳೀತಾ ಇದ್ರೆ? ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದ್ರೆ? ಒಂದು ಸಲ ಎಳೆದು ನೋಡಿದೀನಿ ನಾನು. ಮತ್ತೆ ಎಳೆಯೋಲ್ಲ."

ಅವತ್ತು ಸಾಯಂಕಾಲವೇ ನಾನು ಗುಜರಿಗೆ ಹೋದೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಆಗ ಕೇಳಿದೆ, ಈ ತಟ್ಟು ಯಾರದ್ದು ಅಂತಲೂ ಕೇಳಿದೆ. ಗುಜರಿಯವನು ತಲೆ ಕೆರ್ಕೊಂಡ. ಕ್ವಾರಿಯವರ ಗಾಡಿ ಅಂತೆ. ಬಂಡೆ ಜಾರಿ ಪೆಟ್ಟಾದ ಕೆಲಸಗಾರನನ್ನ ಅದರ ಬಾಡೀಲಿ ಮಲಗಿಸ್ಕೊಂಡು ದೊಡ್ಡಾಸ್ಪತ್ರೆಗೆ ಹೊರಟಿದ್ರಂತೆ. ಡ್ರೈವರ್ ಒಬ್ಬನೇ. ದಾರೀಲಿ ಆ ಮನುಷ್ಯ ಹಿಂದಿನಿಂದ ಮತ್ತೆ ಮತ್ತೆ ತಟ್ಟಿದನಂತೆ, ನಿಲ್ಲಿಸು ನಿಲ್ಲಿಸು ಅಂತ. ನೋವಿಗೆ ತಟ್ತಿದಾನೆ, ನಿಲ್ಲಿಸಿದ್ರೆ ಹೊತ್ತಾಗುತ್ತೆ ಅಂತ ಡ್ರೈವರ್ ಇನ್ನೂ ಜೋರಾಗಿ ಹೊಡೆದ. ಆಸ್ಪತ್ರೆ ಬಾಗಿಲಲ್ಲಿ ನೋಡಿದ್ರೆ ಉಸಿರಿರಲಿಲ್ಲ. ಆ ಡ್ರೈವರ್ ಆಮೇಲೆ ಆ ಗಾಡಿ ಹತ್ತಲಿಲ್ಲ, ಗುಜರಿಗೆ ಬಂತು.

ನಾನು ಬಂದು ಹೇಳಿದೆ. "ಈ ಬಾಡಿ ಬಿಚ್ಚಿ ವಾಪಸ್ಸು ಎಸೆಯೋಣ, ಬೇರೆ ಹಾಕ್ತೀನಿ" ಅಂದೆ. ನ್ಯಾಯವಾಗಿ ಅದೇ ಸರಿ ಅಲ್ವಾ? ಮಗಳು ನನ್ನ ಮಾತು ಕೇಳಿಸ್ಕೊಳ್ತಾ ಇರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ರಸ್ತೆ ಗೀಚಿದ್ದಳು. ಗೋಡೌನು, ಕ್ವಾರಿ ತಿರುವು, ಡೈರಿ ಓಣಿ, ರೈಲ್ವೆ ಗೇಟು, ಪಂಪ್‌ಹೌಸು, ಆಸ್ಪತ್ರೆ ಚೌಕ. ತಟ್ಟು ಬಂದ ನಾಲ್ಕೂ ಕಡೆ ಒಂದೊಂದು ಗುರುತು.

"ಮಾವ, ಹಿಂದೆ ಕೂತವರು ಮೊದಲ ಸಲ ಯಾವಾಗ ತಟ್ತಾರೆ?"

"ಅವರ ಜಾಗ ಬಂದಾಗ."

"ಡ್ರೈವರ್ ನಿಲ್ಲಿಸದೇ ಮುಂದೆ ಹೋದ್ರೆ?"

"ಮತ್ತೆ ತಟ್ತಾರೆ. ಮುಂದೆ ಮುಂದೆ ಹೋದ ಹಾಗೂ ತಟ್ತಾನೇ ಇರ್ತಾರೆ..." ಅಂದವನು ಅಲ್ಲಿಗೇ ನಿಲ್ಲಿಸಿದೆ.

ಅವಳು ಡೈರಿ ಓಣಿ ಮೇಲೆ ಬೆರಳಿಟ್ಟಳು. "ಅವನು ನೋವಿಗೆ ತಟ್ಟಲಿಲ್ಲ. ಅವನ ಮನೆ ಬಂದಿತ್ತು. ಆಸ್ಪತ್ರೆ ಬೇಡ, ಮನೇಲಿ ಇಳಿಸಿ ಅಂತ ತಟ್ಟಿದ." ಆಮೇಲೆ ಮೆಲ್ಲಗೆ ಅಂದಳು, "ಅಪ್ಪ ಅಲ್ಲಿ ಪ್ರತಿ ಸಲ ನಿಲ್ಲಿಸಿದಾನೆ ಮಾವ. ನಾನೇ ಎರಡು ತಟ್ಟಿ ಅವನನ್ನ ದಾಟಿಸಿದೀನಿ. ಅಲ್ಲಿ ಹಿಂದಿನ ಬಾಗಿಲು ಒಂದು ದಿನವೂ ತೆಗೆಯಲಿಲ್ಲ. ಮಲಗಿರೋನು ಹೇಗೆ ಇಳೀತಾನೆ?"

ಮಾರನೇ ದಿನ ಗಾಜು ಹೇರಲಿಲ್ಲ. ಗೋಡೌನಿನಿಂದ ಖಾಲಿ ಗಾಡಿ ಹೊರಟಿತು. ಅಣ್ಣ ಸ್ಟೀರಿಂಗಿಗೆ, ಕೀ ವಿಷಯ ಇಬ್ಬರೂ ಎತ್ತಲಿಲ್ಲ. ಮಗಳು ಹಿಂದೆ. ನಾನು... ಮುಂದೆ, ಅಣ್ಣನ ಪಕ್ಕ. ಹಿಂದೆ ಜಾಗ ಇತ್ತು, ಆದ್ರೂ ಮುಂದೆ. ಡೈರಿ ಓಣಿ ಬಂತು. ಢಣ್ ಅಂತು. ಅಣ್ಣ ಎಡಕ್ಕೆ ತಗೊಂಡು ನಿಲ್ಲಿಸಿದ, ಅತಿಥಿ ಇಳಿಯೋ ಹಾಗೆ ಗೋಡೆಯಿಂದ ಜಾಗ ಬಿಟ್ಟು.

ಮಗಳು ಸರಪಳಿ ಬಿಚ್ಚಿ ಹಿಂದಿನ ಬಾಗಿಲು ಇಳಿಸಿದಳು. ಪಕ್ಕಕ್ಕೆ ಸರಿದು ನಿಂತಳು. ಓಣೀಲಿ ಹಾಲಿನ ಕ್ಯಾನು ತೊಳೆಯೋ ಸದ್ದು, ಯಾರೋ ಒಗೆದ ಬಟ್ಟೆ ಹರವುತ್ತಿದ್ದರು. "ಅಣ್ಣಾ, ನಿಮ್ಮ ಮನೆ ಬಂತು" ಅಂದಳು. ಗುರುತಿಲ್ಲದವರನ್ನ ಕರೆಯೋ ಹಾಗೇ ಕರೆದಳು. "ಆತುರ ಇಲ್ಲ, ನಿಧಾನಕ್ಕೆ ಇಳೀರಿ. ಅಪ್ಪ ಗಾಡಿ ಎಳೆಯೋಲ್ಲ. ಇಳಿದಮೇಲೆ ಎರಡು ತಟ್ಟಿಬಿಡಿ, ಇಲ್ಲದಿದ್ರೆ ನಾವು ಹೊರಡೋ ಹಾಗಿಲ್ಲ."

ಕಾದ್ವಿ. ಎಷ್ಟು ಹೊತ್ತು? ಇಂಜಿನ್ ಕಾವು ಆರೋವಷ್ಟು ಹೊತ್ತು. ನಾನು ಅಣ್ಣನ ಮುಖ ನೋಡಿದೆ. ಅವನು ಕನ್ನಡೀಲಿ ಕೂಡಾ ಹಿಂದೆ ನೋಡಲಿಲ್ಲ. ಇಳಿಯೋರನ್ನ ನೋಡ್ತಾ ಕೂತ್ರೆ ಅವರಿಗೆ ಸಂಕೋಚ ಆಗುತ್ತೆ ಅಂತಿದ್ದ.

ಆಮೇಲೆ ತಟ್ಟು ಕೇಳ್ತು. ಮುಂದಿನ ತಗಡಿನಲ್ಲಲ್ಲ. ಹೊರಗಡೆ, ಬಾಡಿಯ ಪಕ್ಕದ ತಗಡಿಗೆ, ನೆಲದ ಮೇಲೆ ನಿಂತವರ ಎದೆಯೆತ್ತರಕ್ಕೆ. ಇಳಿದುಹೋಗೋರು ಸಾಕು, ಹೊರಡಿ ಅಂತ ಅಂಗೈಯಲ್ಲಿ ತಟ್ತಾರಲ್ಲ, ಹಾಗೆ. ಎರಡು ಸಲ.

ಅಣ್ಣ ಗಾಡಿ ಎತ್ತಿದ. ರೈಲ್ವೆ ಗೇಟಿನಲ್ಲಿ ಸದ್ದಿಲ್ಲ. ಪಂಪ್‌ಹೌಸಿನಲ್ಲಿ ಇಲ್ಲ. ಆಸ್ಪತ್ರೆ ಚೌಕದಲ್ಲಿ ಇಲ್ಲ. ಮನೆ ಮುಂದೆ ನಿಲ್ಲಿಸಿ ಇಳಿದ, ಕೀ ತೆಗೆದು ಮಗಳ ಕೈಗಿಟ್ಟ. ಈ ಸಲ ಕೇಳಿರಲೂ ಇಲ್ಲ ಅವಳು. "ಹಿಂದೆ ಒಬ್ಬರು ಇರೋವರೆಗೂ ಬಿಡೋ ಹಾಗಿರಲಿಲ್ಲ" ಅಂದ. "ಈಗ ಹಿಂದೆ ಯಾರೂ ಇಲ್ಲ. ಇನ್ನು ನೀನು ಓಡಿಸು." ಅದಾದ ಮೇಲೆ ನಾಲ್ಕು ವರ್ಷ ಬದುಕಿದ್ದ, ಮನೆ ಜಗಲಿ ಮೇಲೆ, ನೆಮ್ಮದಿಯಾಗಿ. ಬಾಗಿಲು ಯಾರಾದ್ರೂ ಒಂದೇ ಸಲ ತಟ್ಟಿದ್ರೆ ಮಾತ್ರ ಎದ್ದು ನಿಂತುಬಿಡ್ತಿದ್ದ.

ಮುಗೀತು ಅಂದ್ಕೊಂಡ್ರಾ? ನಾನೂ ಅಂದ್ಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಮಳೆಗಾಲ ಹಿಡೀತು. ಒಂದು ಬೆಳಗ್ಗೆ ಮಗಳು ಫೋನ್ ಮಾಡಿ ಬಾ ಮಾವ ಅಂದಳು. ಹೋದೆ. ಮನೆ ಮುಂದೆ ಬಯಲಲ್ಲಿ ಗಾಡಿ, ಮೇಲೆ ಬಿಡದೆ ಸುರೀತಿರೋ ಮಳೆ. ಅವಳು ಕೊಡೆ ಹಿಡ್ಕೊಂಡು ಬಾಡಿಯೊಳಗೆ ನೋಡ್ತಾ ನಿಂತಿದ್ದಳು. ನಾನೂ ನೋಡಿದೆ. ಬಾಡಿಯೆಲ್ಲಾ ನೀರು ಹರೀತಿದೆ. ಬಲಗಡೆ ಮಾತ್ರ, ಮುಂದಿನ ತಗಡಿನಿಂದ ಹಿಂದಿನ ಬಾಗಿಲ ಕಡೆಗೆ ಒಂದು ಆಳುದ್ದ... ಒಣಗಿತ್ತು. ಮೇಲೆ ಮರ ಇಲ್ಲ, ಸೂರಿಲ್ಲ. ಹನಿ ಬೀಳ್ತಿದೆ, ಅಲ್ಲಿಗೆ ಮುಟ್ಟುತ್ತಿಲ್ಲ. ತಲೆ ಎಲ್ಲಿ, ಭುಜ ಎಲ್ಲಿ, ಮಡಚಿದ ಮಂಡಿ ಎಲ್ಲಿ ಅಂತ ಗುರುತು ಹಿಡಿಯೋ ಹಾಗೆ.

ನಾನು ಮತ್ತೆ ಗುಜರಿಗೆ ಹೋದೆ. "ಅವತ್ತು ಕ್ವಾರಿ ಗಾಡೀಲಿ ಒಬ್ಬನೇ ತಾನೇ ಇದ್ದದ್ದು?" ಅಂದೆ. ಗುಜರಿಯವನು ನನ್ನ ಮುಖವನ್ನೇ ನೋಡಿದ. "ತಟ್ಟಿದವನು ಒಬ್ಬನೇ ಮೇಸ್ತ್ರಿ. ನೀವು ಕೇಳಿದ್ದು ಅವನ ವಿಷಯ. ಪಕ್ಕದಲ್ಲಿ ಇನ್ನೊಬ್ಬನನ್ನೂ ಮಲಗಿಸಿದ್ರು. ಅವನು ಹೊರಡೋವಾಗಲೇ ಸದ್ದಿರಲಿಲ್ಲ. ಯಾವ ಊರಿನವನೋ, ಮನೆ ಎಲ್ಲೋ, ಕ್ವಾರಿಯವರಿಗೂ ಗೊತ್ತಿರಲಿಲ್ಲ."

ಅವನನ್ನ ಎಲ್ಲಿ ಇಳಿಸ್ತೀರಿ, ಹೇಳಿ? ತಟ್ಟಿದ್ರೆ ನಿಲ್ಲಿಸಬಹುದು. ತಟ್ಟದೇ ಇರೋನಿಗೆ ಏನು ಮಾಡ್ತೀರಿ?

ಮಗಳು ಒಂದು ಉಪಾಯ ಮಾಡಿದಳು. ಗಾಜಿನ ಚೌಕಟ್ಟನ್ನ ಎಡಕ್ಕೆ ಸರಿಸಿದಳು. ಬಲಗಡೆ ಏನೂ ಹೇರಲ್ಲ, ಯಾರನ್ನೂ ಕೂರಿಸಲ್ಲ. ಅಷ್ಟು ಜಾಗ ಯಾಕೆ ದಂಡ ಮಾಡ್ತೀಯ ಅಂತ ಕೇಳಿದವರಿಗೆ ಒಂದೇ ಉತ್ತರ, "ಅಲ್ಲಿ ಆಳು ಇದಾರೆ." ಹಳ್ಳ ಬಂದ್ರೆ ಮೆಲ್ಲಗೆ ಇಳಿಸ್ತಾಳೆ, ಗಾಜು ಇಲ್ಲದ ದಿನವೂ. ಹೆದರಿಕೆ ಆಗಲ್ವಾ ಅಂತ ನಾನೇ ಕೇಳಿದೀನಿ. ಯಾತಕ್ಕೆ ಮಾವ, ಅವನು ಒಂದು ಮಾತಾಡಲ್ಲ, ಒಂದು ತಟ್ಟಲ್ಲ, ಅಂತಾಳೆ.

ತಟ್ಟಿರಲಿಲ್ಲ, ಹನ್ನೆರಡು ವರ್ಷ.

ಇವತ್ತು ಮಧ್ಯಾಹ್ನ ಅವಳು ಗಾಡಿ ತಂದು ಬಿಟ್ಟುಹೋದಳು. ಅಂಗಳದಲ್ಲಿ ಆ ತಾಡಪಾಲಿನ ಆಚೆ ನಿಂತಿರೋದು ಅದೇ. ಯಾಕೆ ಬಂತು ಗೊತ್ತಾ? ಮೊನ್ನೆಯಿಂದ ಎಲ್ಲೆಂದರಲ್ಲಿ ಮೆಲ್ಲಗೆ ಒಂದು ಸದ್ದು ಬರ್ತಿದೆಯಂತೆ, ನೋಡಿ ಮಾವ ಅಂದಳು. ಯಾವುದಾದ್ರೂ ಬೋಲ್ಟ್ ಸಡಿಲ ಆಗಿರಬಹುದು ಅಂದೆ ನಾನು... ನನ್ನ ಕೈಯಲ್ಲಿ ಬಿಗಿದದ್ದು ಸಡಿಲ ಆಗಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಟಾರ್ಚು ಆ ಮೊಳೆಗೆ ನೇತುಹಾಕಿದೆ. ಮಳೆ ಇನ್ನೂ ಬರ್ತಾ ಇದೆ. ಹೋಗಿ ನೋಡೋರು ನೋಡಬಹುದು. ಒಣಗಿದ ಜಾಗ ಇನ್ನೂ ಒಣಗೇ ಇದ್ರೆ ಒಳ್ಳೇದು. ಅದೂ ನೆನೆದಿದ್ರೆ ಮಾತ್ರ... ಅವನು ಎದ್ದಿದಾನೆ ಅಂತ ಅರ್ಥ.